ಗೇಮಿಂಗ್ ಕಂಪ್ಯೂಟರಿಗೆ ಟಿವಿ ಜೋಡಿಸಿದ ನನ್ನ ಅನುಭವ

ಕೇಬಲ್ ಚುಚ್ಚುವುದು ಎರಡು ನಿಮಿಷದ ಕೆಲಸ. "ನೀನು ಸುಮ್ನಿರು, ಬಂದ ಚಿತ್ರವನ್ನು ಬಂದ ಹಾಗೇ ತೋರಿಸು" ಎಂದು ಟಿವಿಯನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಸಿನಿಮಾ ನೋಡಲೆಂದು ಮಾಡಿದ ಪೆಟ್ಟಿಗೆ ಅದು. ಬಂದದ್ದನ್ನೆಲ್ಲ ತಿದ್ದಿ ತೀಡಿ ಚೆಂದ ಮಾಡುವುದು ಅದರ ಹುಟ್ಟುಗುಣ. ಗೇಮ್ ಆಡುವವರಿಗೆ ಆ ಚೆಂದವೇ ತಲೆನೋವು.

ಮೊದಲು ಕೇಬಲ್ ಎಲ್ಲಿಗೆ ಚುಚ್ಚಬೇಕು ಅನ್ನುವುದು. ಕಂಪ್ಯೂಟರಿನ ಹಿಂದೆ ಎರಡು ಕಡೆ ಎಚ್‌ಡಿಎಂಐ ಪೋರ್ಟ್ ಇರುವುದುಂಟು. ಯುಎಸ್‌ಬಿ ಪೋರ್ಟ್‌ಗಳ ಪಕ್ಕದಲ್ಲಿರುವುದು ಮದರ್‌ಬೋರ್ಡಿನದು, ಅದನ್ನು ಮುಟ್ಟಬೇಡಿ. ಸಾಮಾನ್ಯವಾಗಿ ಅದರ ಕೆಳಗೆ, ಬೇರೆಯಾಗಿ ಅಡ್ಡಕ್ಕೆ ಇರುವುದು ಗೇಮಿನ ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡಿನದು, ಕೇಬಲ್ ಚುಚ್ಚಬೇಕಾದದ್ದು ಅದಕ್ಕೇ. ಟಿವಿ ಕಡೆಯೂ ಎಲ್ಲ ಪೋರ್ಟ್ ಒಂದೇ ಅಲ್ಲ. ಎಚ್‌ಡಿಎಂಐ 2.0ರ ವೇಗ ಸೆಕೆಂಡಿಗೆ 18 ಗಿಗಾಬಿಟ್, ಅದರಲ್ಲಿ 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ, ಬರುತ್ತದೆ. 4ಕೆ 120 ಹರ್ಟ್ಸ್ ಸರಿಯಾಗಿ ಬೇಕೆಂದರೆ 48 ಗಿಗಾಬಿಟ್‌ವರೆಗೆ ಹೋಗುವ 2.1 ಬೇಕು. ಎಷ್ಟೋ ಟಿವಿಗಳಲ್ಲಿ ಈ ವೇಗದ ಪೋರ್ಟ್ ಒಂದೋ ಎರಡೋ ಇರುತ್ತವೆ, ಪಕ್ಕದಲ್ಲೇ ಸಣ್ಣಗೆ ಅಚ್ಚು ಹಾಕಿರುತ್ತಾರೆ. ಅಷ್ಟಾದರೂ ಟಿವಿ ಮೆನುವಿನಲ್ಲಿ ಆ ಪೋರ್ಟಿನ ಪೂರ್ತಿ ವೇಗವನ್ನು ಆನ್ ಮಾಡಬೇಕಾಗಬಹುದು. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿದೆ, ಹುಡುಕುವ ಗೋಳು ನಮ್ಮದು.

ಚಿತ್ರ ಬಂತು, ಆದರೆ ಟಾಸ್ಕ್‌ಬಾರ್ ಅರ್ಧ ಕಾಣೆ! ಇದು ಓವರ್‌ಸ್ಕ್ಯಾನ್. ಹಳೆಯ ಟ್ಯೂಬ್ ಟಿವಿಗಳಲ್ಲಿ ಅಂಚು ನೆಟ್ಟಗಿರುತ್ತಿರಲಿಲ್ಲ ಎಂದು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಮರೆಮಾಡುತ್ತಿದ್ದರು. ಟ್ಯೂಬ್ ಹೋಯಿತು, ಚಾಳಿ ಉಳಿಯಿತು. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಚಿತ್ರವನ್ನು ಕುಗ್ಗಿಸಿ ಇದನ್ನು ಸರಿಮಾಡಿ ಎಂದು ಹೇಳುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕಂಪ್ಯೂಟರ್ ಕುಗ್ಗಿಸಿದ್ದನ್ನು ಟಿವಿ ಮತ್ತೆ ಹಿಗ್ಗಿಸಿದರೆ ಅಕ್ಷರಗಳು ಮಬ್ಬಾಗುತ್ತವೆ, ಅಲ್ವಾ? ಟಿವಿಯ ಚಿತ್ರದ ಅಳತೆಯ ಮೆನುವಿಗೆ ಹೋಗಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್', '1:1' ಇಂಥ ಹೆಸರಿನದನ್ನು ಆರಿಸಿ. ನಾನು ಮಾಡಿದ್ದು ಅಷ್ಟೇ.

ಇನ್ನು ಬಣ್ಣ. ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಅಕ್ಷರಗಳನ್ನು ಬರೆದು ಹತ್ತಿರ ಹೋಗಿ ನೋಡಿದೆ. ಅಂಚುಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿದ್ದವು, ಬಿಳಿ ಅಕ್ಷರ ಮಾತ್ರ ಚೊಕ್ಕವಾಗಿತ್ತು. ಕಾರಣ ಇಷ್ಟು: 4:2:0 ಎಂಬ ಕ್ರಮದಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಮಾಹಿತಿ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದೇ. ಸಿನಿಮಾದಲ್ಲಿ ಇದು ಗೊತ್ತೇ ಆಗುವುದಿಲ್ಲ, ಗೇಮಿನ ಮ್ಯಾಪ್, ಸಣ್ಣ ಅಕ್ಷರಗಳಲ್ಲಿ ಕಣ್ಣಿಗೆ ಹೊಡೆಯುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಪ್ರತಿ ಪಿಕ್ಸೆಲ್‌ಗೂ ಬಣ್ಣದ ಮಾಹಿತಿ ಕಳಿಸುವ ಆರ್‌ಜಿಬಿ ಅಥವಾ 4:4:4 ಆರಿಸಿದೆ. ಆಮೇಲೆ ಟಿವಿಯಲ್ಲಿ ಆ ಇನ್‌ಪುಟ್‌ನ ಹೆಸರನ್ನು 'ಪಿಸಿ' ಎಂದು ಬದಲಿಸಿದೆ. ಬರೀ ಹೆಸರಲ್ಲವೇ ಅನ್ನಿಸಬಹುದು. ಆದರೆ ಹಲವು ಟಿವಿಗಳಲ್ಲಿ ಆ ಹೆಸರೇ ಸ್ವಿಚ್ಚು, ಅದಿಲ್ಲದೆ ಪೂರ್ತಿ ಬಣ್ಣ ತೋರಿಸುವುದಿಲ್ಲ.

ಕಪ್ಪಿನದೂ ಒಂದು ಕಥೆಯಿದೆ. ಕಂಪ್ಯೂಟರ್ ಕಪ್ಪಿನಿಂದ ಬಿಳಿಯವರೆಗೆ 0ರಿಂದ 255 ಎಂದು ಎಣಿಸುತ್ತದೆ, ಟಿವಿ ಲೋಕದ ರೂಢಿ 16ರಿಂದ 235. ಎರಡೂ ಕಡೆ ಒಂದೇ ಇರಲಿ. ಹೊಂದದಿದ್ದರೆ ಗವಿಯೊಳಗಿನ ಶತ್ರು ಕಪ್ಪಿನಲ್ಲಿ ಕರಗಿಹೋಗುತ್ತಾನೆ, ಇಲ್ಲವೇ ಇಡೀ ಗವಿ ಬೂದಿ ಬಳಿದಂತೆ ಕಾಣುತ್ತದೆ.

ಎಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡದ್ದು ಟಿವಿಯ ತಿದ್ದುಪಡಿಗಳನ್ನು ಆದಷ್ಟು ನಿಲ್ಲಿಸುವ ಗೇಮ್ ಮೋಡ್‌ನಲ್ಲಿ. ಚಲನೆಯನ್ನು ನಯ ಮಾಡುವ ಸೌಲಭ್ಯ ಎರಡು ಫ್ರೇಮ್‌ಗಳ ನಡುವೆ ತಾನೇ ಒಂದು ಫ್ರೇಮ್ ತಯಾರಿಸುತ್ತದೆ. ಅದಕ್ಕೆ ಮುಂದಿನ ಫ್ರೇಮ್ ಬರುವವರೆಗೆ ಕಾಯಲೇಬೇಕು. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಇದರ ಮೇಲೆ ಉಳಿದ ತಿದ್ದುಪಡಿಗಳ ತಡವೂ ಸೇರಿದರೆ ಮೌಸ್ ತಿರುಗಿಸಿದ ಮೇಲೆ ಚಿತ್ರ ನಿಧಾನಕ್ಕೆ ಎದ್ದು ಬಂದಂತಿರುತ್ತದೆ. ಗೇಮ್ ಮೋಡ್ ಹಾಕಿದ ಕೂಡಲೇ ಕೈಗೂ ಕಣ್ಣಿಗೂ ತಾಳ ಕೂಡಿತು. ಬಣ್ಣ ಸ್ವಲ್ಪ ಸಪ್ಪೆಯಾಯಿತು. ಆಗಲಿ ಬಿಡಿ.

ಸದ್ದು ಕಂಪ್ಯೂಟರಿನಿಂದಲೇ ಬರುತ್ತಿದ್ದರೆ ವಿಂಡೋಸ್‌ನ ಸೌಂಡ್ ಔಟ್‌ಪುಟ್‌ನಲ್ಲಿ ಟಿವಿ ಆರಿಸಿದರೆ ಮುಗಿಯಿತು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಕೂಡ ನೋಡಿಬಿಡಿ. 120 ಹರ್ಟ್ಸ್ ಟಿವಿಯಾದರೂ 60ರಲ್ಲೇ ನಿಂತಿರಬಹುದು.

4ಕೆ ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್, 1080ಪಿಗಿಂತ ನಾಲ್ಕು ಪಟ್ಟು. ನನ್ನ ಕಾರ್ಡ್ ಅಷ್ಟು ಹೊರಲಾರದು. ಹಾಗಾಗಿ ವಿಂಡೋಸ್ 4ಕೆಯಲ್ಲೇ ಇದೆ, ಭಾರದ ಗೇಮ್‌ಗಳಲ್ಲಿ, ಕಡಿಮೆ ಪಿಕ್ಸೆಲ್‌ನಲ್ಲಿ ತಯಾರಿಸಿದ ಚಿತ್ರವನ್ನು ಕಂಪ್ಯೂಟರಿನಲ್ಲೇ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಹಾಕುತ್ತೇನೆ. ಚಿತ್ರ ಹಿಗ್ಗಿಸುವ ಕೆಲಸವನ್ನು ಟಿವಿಗೆ ಬಿಡುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನೊಂದು ಮಾತು. ಸೋಫಾದಿಂದ ಆಡುವಾಗ ವೈರ್‌ಲೆಸ್ ಮೌಸ್ ತಡವರಿಸಿದರೆ ಟಿವಿಯನ್ನು ಬೈಯಬೇಡಿ. ಮೌಸ್‌ನ ರಿಸೀವರ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ತುಂಡು) ಕಂಪ್ಯೂಟರಿನ ಬೆನ್ನಿಗಿದ್ದರೆ ಕ್ಯಾಬಿನೆಟ್ಟಿನ ಲೋಹ ಅಡ್ಡ ಬರುತ್ತದೆ. ಪಕ್ಕದ ಯುಎಸ್‌ಬಿ 3 ಪೋರ್ಟ್‌ಗಳೂ 2.4 ಗಿಗಾಹರ್ಟ್ಸ್ ಅಲೆಗಳಿಗೆ ತೊಂದರೆ ಕೊಡುತ್ತವೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ರಿಸೀವರನ್ನು ಟಿವಿಯ ಮುಂದೆ ತಂದಿಟ್ಟೆ, ಸರಿಹೋಯಿತು.