ಖಳನಿಗೆ ಮನೆತನದ ಮಂತ್ರವಿದ್ಯೆಯನ್ನು ಕೊಡುವ ಮೊದಲು

ಮಾಯಾಲೋಕದ ಕಾದಂಬರಿಯಲ್ಲಿ ಖಳನಿಗೆ ಪೂರ್ವಜರ ಮಂತ್ರಶಕ್ತಿಯನ್ನು ಕೊಡಲು ಹೊರಟವರು, ಆ ಶಕ್ತಿ ಯಾರಿಂದ ಯಾರಿಗೆ ಸಲ್ಲಬೇಕೆಂಬ ಕಟ್ಟಳೆಯನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಅದರ ಬಲಾಬಲದ ವಿಚಾರ ಆಮೇಲೆ. ಕಾಸರಗೋಡಿನವರಾದ ನಾವು ಇಂತಹ ಕಟ್ಟಳೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇಲ್ಲಿನ ಅನೇಕ ಸಮುದಾಯಗಳಲ್ಲಿ ಮನೆಯ ಯಜಮಾನಿಕೆಯು ಸೋದರಮಾವನಿಂದ ಸೋದರಳಿಯನಿಗೆ ಬರುತ್ತಿತ್ತು. 1976ರ ಡಿಸೆಂಬರ್ 1ರಂದು ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯ ರದ್ದತಿ ಕಾಯ್ದೆ ಜಾರಿಯಾದಾಗ ಅಳಿಯಕಟ್ಟು ಎಂಬ ಈ ಪದ್ಧತಿಗೆ ಕಾನೂನಿನ ಬಲ ತಪ್ಪಿತಾದರೂ, ಅದರ ನೆನಪು ತರವಾಡು ಮನೆಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿ, ಇನ್ನೂ ಮಾಸಿಲ್ಲ.

ಇದನ್ನು ಮಂತ್ರವಿದ್ಯೆಗೆ ಅನ್ವಯಿಸಿ ನೋಡಿ. ವಿದ್ಯೆ ಬಲ್ಲ ತಂದೆ ಅದನ್ನು ತಂಗಿಯ ಮಗನಿಗೆ ಕಲಿಸಬೇಕು. ಕಣ್ಣೆದುರೇ ಬೆಳೆಯುತ್ತಿರುವ ಸ್ವಂತ ಮಗನಿಗೆ ಕಲಿಸುವಂತಿಲ್ಲ. ಆ ಮಗನೇ ನಿಮ್ಮ ಖಳನಾಗಲಿ. ಅವನಿಗೆ ಹನ್ನೆರಡು ವರ್ಷ. ಮಳೆಗಾಲದ ಆಟಿ ತಿಂಗಳ ರಾತ್ರಿ, ಊಟವಾದ ಬಳಿಕ, "ಇದು ನಿನಗೆ ಸಲ್ಲುವುದಲ್ಲ ಮಗಾ, ಬಾವನಿಗೆ ಸಲ್ಲುವುದು" ಎಂದು ಹೇಳಿ ತಂದೆ ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಹುಡುಗ ಹೊರಗಿನ ಕತ್ತಲಲ್ಲಿ ಹಲಗೆಗೆ ಕಿವಿಯಾನಿಸಿ, ಓಲೆಗರಿಯ ಪಾಠವನ್ನು ಸಾಲುಸಾಲಾಗಿ ಬಾಯಿಪಾಠ ಮಾಡುತ್ತಾನೆ. ನಡುವೆ ಮಳೆ ಜೋರಾಗಿ, ಮಾಡಿನ ನೀರು ಅಂಗಳಕ್ಕೆ ಸುರಿಯುವ ಸದ್ದಿಗೆ ಒಂದು ಸಾಲು ಕೇಳಿಸದೆ ಹೋಗುತ್ತದೆ.

ಖಳನ ಇಡೀ ಬದುಕನ್ನು ಆ ಒಂದು ಸಾಲಿನ ಮೇಲೆ ನಿಲ್ಲಿಸಬಹುದು. ಅವನು ಮಂತ್ರ ಪ್ರಯೋಗಿಸಿದಾಗಲೆಲ್ಲ ತಪ್ಪಿಹೋದ ಸಾಲಿನ ಜಾಗಕ್ಕೆ ಬೇರೇನನ್ನಾದರೂ ತೆರಬೇಕಾಗುತ್ತದೆ. ತಂದೆಯ ಕುರಿತ ಒಂದೊಂದೇ ನೆನಪನ್ನು ತೆರುತ್ತಾನೆಂದು ಇಟ್ಟುಕೊಂಡರೆ, ಯಾರಿಂದ ಮನ್ನಣೆ ಬೇಕೆಂದು ಹೊರಟನೋ ಅವರ ಮುಖವೇ ಕೊನೆಗೆ ಅವನಿಗೆ ನೆನಪಿರುವುದಿಲ್ಲ. ಮಹಾಭಾರತದ ಅಶ್ವತ್ಥಾಮನನ್ನು ಇಲ್ಲಿ ಸ್ಮರಿಸಬೇಕು. ದ್ರೋಣನು ಬ್ರಹ್ಮಶಿರಾಸ್ತ್ರವನ್ನು ಅರ್ಜುನನಿಗೆ ಮನಸಾರೆ ಕೊಟ್ಟ. ಹಟ ಹಿಡಿದ ಮಗನಿಗೆ ಮನಸ್ಸಿಲ್ಲದೆ ಕೊಟ್ಟ. ಇಬ್ಬರೂ ಅಸ್ತ್ರ ಬಿಟ್ಟ ದಿನ ಅರ್ಜುನನು ತನ್ನದನ್ನು ಹಿಂದಕ್ಕೆ ಪಡೆದರೆ, ಹಿಂಪಡೆಯಲಾರದ ಅಶ್ವತ್ಥಾಮ ಅದನ್ನು ಉತ್ತರೆಯ ಗರ್ಭಕ್ಕೆ ತಿರುಗಿಸಿದ. ನಾನು ಬಲ್ಲ ಖಳರಲ್ಲಿ ಇಷ್ಟು ಸಂಕಟ ಹುಟ್ಟಿಸುವವನು ಇನ್ನೊಬ್ಬನಿಲ್ಲ.

ಓಲೆಗರಿಯನ್ನು ಬಚ್ಚಿಡಲು ಹಾಳುಕೋಟೆಗಿಂತ ನಮ್ಮ ಸುರಂಗ ಮೇಲು. ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲನ್ನು (ಕೆಂಪುಕಲ್ಲನ್ನು) ಅಡ್ಡಕ್ಕೆ ಕೊರೆದ ಈ ಸುರಂಗಗಳೊಳಗೆ ಒಬ್ಬರ ಹಿಂದೆ ಒಬ್ಬರಾಗಿಯೇ ನಡೆಯಬೇಕು. ಅಲ್ಲಿ ಖಳನಿಗೂ ಬಾವನಿಗೂ ಮುಖಾಮುಖಿಯಾದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಲೇಬೇಕು.

ಊರಿನಲ್ಲಿ ಜನ ನಂಬಿ ನಡೆದುಕೊಳ್ಳುವ ದೈವಗಳ ಹೆಸರನ್ನು ಖಳನ ಶಕ್ತಿಗೆ ಅಂಟಿಸಬೇಡಿ. ಹೆಸರನ್ನೂ ವಿಧಿಯನ್ನೂ ನೀವೇ ಕಲ್ಪಿಸಿಕೊಳ್ಳಿ. ಖಳನ ಪಕ್ಷವನ್ನು ಅವನ ಬಾಯಿಂದಲೇ ಹೇಳಿಸಿ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬಂದಾಗ, ಅಕ್ಕಿಹಿಟ್ಟಿನ ಚುಟ್ಟಿ ಎಂಬ ಉಬ್ಬುಚುಕ್ಕೆಗಳನ್ನು ಇಟ್ಟ ಆ ಮುಖಕ್ಕೂ ಅರ್ಥ ಹೇಳುವ, ಅಂದರೆ ತನ್ನ ಮಾತನ್ನು ಆಡುವ, ಪೂರ್ಣ ಅವಕಾಶವಿರುತ್ತದೆ. ರಾಕ್ಷಸನ ಅಳಲು ಕೇಳಿದ ಮೇಲೆಯೇ ಅವನ ವಧೆ ನಮ್ಮನ್ನು ತಟ್ಟುತ್ತದೆ.

ಕಡೆಯ ಭೇಟಿಯಲ್ಲಿ ಬಾವನು ಖಳನಿಗೆ ತಪ್ಪಿಹೋದ ಆ ಸಾಲನ್ನು ಗಟ್ಟಿಯಾಗಿ ಹೇಳಬೇಕಾಗುತ್ತದೆ. ಆದ್ದರಿಂದ ಮೊದಲ ಅಧ್ಯಾಯಕ್ಕೆ ಕೈಹಾಕುವ ಮುನ್ನವೇ ಆ ಸಾಲನ್ನು ರಚಿಸಿ, ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.