ಬಿಡಾಕ ಆಗದವಗ ಏನ್ ಹೇಳ್ಯಾನ್ರಿ?

ನಾನು ಒಂದು ಚರ್ಚಿನ ಬೋಧಕ. ಆ ಭಾನುವಾರ ಆರಾಧನೆಯಲ್ಲಿ ನಾನು ಮಾಡಿದ ಪ್ರಸಂಗ, ಅಂದರೆ ಉಪದೇಶ, ಕುಡಿತದ ಬಗ್ಗೆ ಇತ್ತು. ಒಳ್ಳೆಯ ತಯಾರಿಯನ್ನೇ ಮಾಡಿಕೊಂಡಿದ್ದೆ. ಲಿವರ್ ಹೇಗೆ ಕೆಡುತ್ತದೆ, ವಾರದ ಕೂಲಿ ಎಲ್ಲಿಗೆ ಹೋಗುತ್ತದೆ, ಮನೆಯ ಮಕ್ಕಳು ಏನು ನೋಡಿ ಬೆಳೆಯುತ್ತವೆ, ಎಲ್ಲ ಹೇಳಿದೆ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ವಂದನೆ ಹೇಳುತ್ತಿರುವಾಗ ಸಭಾ ಹಿರಿಯರೊಬ್ಬರು "ಇವತ್ತಿಂದು ಬಾಳ ಉಪಯೋಗ ಆತ್ರಿ ಅಯ್ನೋರ" ಅಂದರು. ಮನಸ್ಸಿಗೆ ಹಿತವಾಯಿತು.

ಎಲ್ಲರೂ ಹೋದ ಮೇಲೆ ಗೇಟಿನ ಹತ್ತಿರ ಬೇವಿನ ಮರದ ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ನಮ್ಮ ಸಭೆಯವನೇ, ಮಗ್ಗದ ಕೆಲಸ, ವಯಸ್ಸು ನಲವತ್ತರ ಆಸುಪಾಸು. ವರ್ಷಗಟ್ಟಲೆ ಗುಡಿಯೊಳಗೆ ಕಾಲಿಟ್ಟವನಲ್ಲ. ಹೊರಗಿನ ಸ್ಪೀಕರಿನಲ್ಲಿ ಪೂರ್ತಿ ಪ್ರಸಂಗ ಕೇಳಿಸಿಕೊಂಡಿದ್ದ. ನನ್ನನ್ನು ನೋಡಿ ಎದ್ದು ನಿಂತು ಕೇಳಿದ: "ಕುಡಿಬಾರದು ಅನ್ನೋದು ನನಗೂ ಗೊತ್ತೈತ್ರಿ ಅಯ್ನೋರ. ಲಿವರ್ ಹೋಗತೈತಿ ಅನ್ನೋದೂ ಗೊತ್ತೈತಿ. ಬಿಡಾಕ ಆಗದವಗ ಯೇಸುಸ್ವಾಮಿ ಏನರ ಹೇಳ್ಯಾನೇನ್ರಿ?"

ಪ್ರಯತ್ನ ಮಾಡಪ್ಪ, ಪ್ರಾರ್ಥನೆ ಮಾಡು, ನಾನೂ ಮಾಡತೀನಿ ಅಂತ ಏನೋ ಅಂದೆ. ಅವನು ತಲೆಯಾಡಿಸಿ ಹೋದ. ಅವನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ನಾನು ಪ್ರಸಂಗಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವವನು. ಆ ರಾತ್ರಿ ಹಿಂದಿನ ವರ್ಷದ ನೋಟ್‌ಬುಕ್ ತೆಗೆದು ಮೊದಲ ಪುಟದಿಂದ ಓದಿದೆ. ಸಮಯದ ಸದುಪಯೋಗ, ಪರೀಕ್ಷೆ ಬರೆಯುವ ಮಕ್ಕಳಿಗೆ ಧೈರ್ಯ, ಕುಟುಂಬದಲ್ಲಿ ಮಾತಿನ ಮಹತ್ವ, ಪರಿಸರ, ನೀರು, ಉಳಿತಾಯ. ಒಂದೂ ಸುಳ್ಳಲ್ಲ, ಒಂದೂ ಕೆಟ್ಟದ್ದಲ್ಲ. ಆದರೆ ಶುಭ ಶುಕ್ರವಾರವನ್ನೂ ಪುನರುತ್ಥಾನದ ಹಬ್ಬವನ್ನೂ ಬಿಟ್ಟರೆ ಇಡೀ ವರ್ಷದಲ್ಲಿ ಯೇಸು ನಮಗಾಗಿ ಸತ್ತ, ಎದ್ದ ಎಂಬುದನ್ನು ನಾನು ನೆಟ್ಟಗೆ ಸಾರಿದ ಭಾನುವಾರಗಳು ಮೂರೇ ಮೂರು. ಶುಭ ಶುಕ್ರವಾರದಂದು ಸಹ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನರಿಗೆ ಹಂಚಿಕೊಟ್ಟು ನಾನು ಬರೀ ಸಮಯ ನೋಡಿಕೊಂಡಿದ್ದೆ. ಅದನ್ನು ಓದುತ್ತ ನನಗೆ ಅಳು ಬಂತು.

ಹೀಗೇಕಾಯಿತು ಎಂದು ಬಹಳ ದಿನ ಯೋಚಿಸಿದೆ. ಯೇಸು ನಮಗಾಗಿ ಸತ್ತು ಎದ್ದ ಎಂಬ ಸುವಾರ್ತೆಯನ್ನು ನಾನು ಒಂದು ದಿನವೂ ತಳ್ಳಿಹಾಕಿದವನಲ್ಲ. ಅದರ ಮೇಲಿನ ಭರವಸೆ ಮಾತ್ರ ಸ್ವಲ್ಪ ಸ್ವಲ್ಪವೇ ಸೋರಿಹೋಗಿತ್ತು. ಇದರಲ್ಲಿ ನನ್ನ ಓದಿನ ಪಾಲು ಇತ್ತು. ಬೋಧಕನಾಗಲು ದೇವಜ್ಞಾನ ಕಲಿಯುವಾಗ ಪ್ರಶ್ನೆ ಕೇಳುವುದನ್ನು ಕಲಿತೆ. ಅದು ಬೇಕಾದದ್ದೇ. ಆದರೆ ಉತ್ತರ ಹುಡುಕುವ ಶ್ರಮ ನಾನು ಪಡಲಿಲ್ಲ. ಯುವಕರನ್ನು ಕಳೆದುಕೊಳ್ಳುವ ಭಯವೂ ಇತ್ತು. ಊರಿನಲ್ಲಿ ಹೊಸದಾಗಿ ಶುರುವಾದ, ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆ ಎನ್ನುವ ಸ್ವಸ್ಥತೆಯ ಕೂಟಗಳಿಗೆ ನಮ್ಮ ಹುಡುಗರು ಒಬ್ಬೊಬ್ಬರಾಗಿ ಹೋಗುತ್ತಿದ್ದಾಗ ನಾವೂ ಸಾಲ ಮಾಡಿ ಡ್ರಮ್ಸ್, ದೊಡ್ಡ ಸ್ಪೀಕರ್ ತಂದೆವು. ಮೇಲಾಗಿ ಕಾಲ. 2022ರಲ್ಲಿ ಮತಾಂತರದ ಕಾಯ್ದೆ ಬಂದಾಗ ನಮ್ಮಂಥ ಹಳೆಯ ಸಭೆಗಳಲ್ಲೂ ಒಂದು ಅಂಜಿಕೆ ಹೊಕ್ಕಿತು. ಯೇಸುವಿನ ಹೆಸರನ್ನು ಗುಡಿಯ ಗೋಡೆಗಳ ಒಳಗೂ ದನಿ ತಗ್ಗಿಸಿ ಹೇಳುವ ಅಭ್ಯಾಸ ನನಗೆ ಯಾವಾಗ ಬಂತೋ ಗೊತ್ತೇ ಆಗಲಿಲ್ಲ.

ಸುವಾರ್ತೆ ಅನ್ನುವ ಮಾತಿನಲ್ಲೇ ವಾರ್ತೆ ಇದೆ. ನಮ್ಮ ಮನೆಯಲ್ಲಿ ಅಪ್ಪ ಬೆಳಿಗ್ಗೆ ಚಹಾ ಹಿಡಿದು ಆಕಾಶವಾಣಿಯ ವಾರ್ತೆಗೆ ಕೂರುತ್ತಿದ್ದರು. ವಾರ್ತೆ ಓದುವವರು ನಡೆದದ್ದನ್ನು ಹೇಳುತ್ತಾರೆ. ಕೇಳುವವರಿಗೆ ರುಚಿಸಲಿ ಎಂದು ಅದನ್ನು ಬದಲಿಸುವುದಿಲ್ಲ, ಹೇಳುವುದಕ್ಕೆ ನಾಚುವುದೂ ಇಲ್ಲ. ನಾನು ವಾರ್ತೆಯನ್ನು ಬದಿಗಿಟ್ಟು ಸಲಹೆ ಕೊಡುವವನಾಗಿದ್ದೆ. ಸಲಹೆ ಕೇಳಿ ನಡೆಯುವ ಶಕ್ತಿ ಇದ್ದವರಿಗೆ ನನ್ನ ಪ್ರಸಂಗ ಉಪಯೋಗವಾಗುತ್ತಿತ್ತು. ಶಕ್ತಿ ಇಲ್ಲದವನು ಬೇವಿನ ಮರದ ಕೆಳಗೆ ಕೂತಿದ್ದ.

ಮೊದಲು ನಾನೇ ಓದಬೇಕಾಯಿತು. ಮತ್ತೆ ವಿದ್ಯಾರ್ಥಿಯ ಹಾಗೆ ಕೂತೆ. ಯೇಸುವನ್ನು ಸಾರಿದ ಮೊದಲ ತಲೆಮಾರಿನ ಪೌಲ ಗ್ರೀಸಿನ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಿಂದ ಶುರುಮಾಡಿದೆ. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು. ಇದನ್ನು ನಾನು ಕಟ್ಟಿದ್ದಲ್ಲ, ನನಗೆ ಬಂದದ್ದನ್ನು ನಿಮಗೆ ಒಪ್ಪಿಸಿದ್ದೇನೆ ಎನ್ನುತ್ತಾನೆ ಪೌಲ. ಅವನು ಕೊರಿಂಥದಲ್ಲಿದ್ದಾಗ ಗಲ್ಲಿಯೋನ ಎಂಬ ಅಧಿಪತಿ ಇದ್ದನೆಂದು ಸತ್ಯವೇದದ (ಬೈಬಲಿನ) ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿ ಬರುತ್ತದೆ. ಆ ಗಲ್ಲಿಯೋನನ ಹೆಸರಿರುವ ಶಾಸನ ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕಿದೆ. ಅವನ ಅಧಿಕಾರದ ಕಾಲ ಕ್ರಿ.ಶ. 51ರ ಸುಮಾರು. ಹಲ್ಮಿಡಿಯ ಕಲ್ಲು ಹಿಡಿದು ನಾವು ಕನ್ನಡದ ಕಾಲ ಹೇಳುವ ಹಾಗೆಯೇ ಇದು. ಶಿಲುಬೆಯ ಘಟನೆ ನಡೆದು ಆಗ ಸುಮಾರು ಇಪ್ಪತ್ತು ವರ್ಷ ಆಗಿತ್ತು ಅಷ್ಟೆ. ಎದ್ದ ಕರ್ತನನ್ನು ಐನೂರಕ್ಕಿಂತ ಹೆಚ್ಚು ಮಂದಿ ಕಂಡರು, ಬಹಳ ಜನ ಇನ್ನೂ ಇದ್ದಾರೆ ಎಂದು ಪೌಲ ಬರೆಯುತ್ತಾನೆ. ಅಂದರೆ, ಬೇಕಾದವರು ಹೋಗಿ ಕೇಳಬಹುದಿತ್ತು. ಕಟ್ಟುಕಥೆ ಹೆಣೆಯುವವನು ಇಂಥ ಮಾತು ಬರೆಯುವುದಿಲ್ಲ ಎಂದು ನನಗೆ ಅನ್ನಿಸಿತು. ಸಮಾಧಿಯ ಹತ್ತಿರ ಮೊದಲು ಹೋದವರು ಹೆಂಗಸರು ಎಂಬುದೂ ಹಾಗೆಯೇ. ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ ಇದ್ದ ಕಾಲದಲ್ಲಿ ಅವರಲ್ಲೊಬ್ಬಳಾದ ಮಗ್ದಲದ ಮರಿಯಳ ಹೆಸರು ಹೇಳಿ ಯಾರೂ ಕಥೆ ಕಟ್ಟುತ್ತಿರಲಿಲ್ಲ. ನನ್ನ ಎಲ್ಲ ಅನುಮಾನಗಳೂ ಹೋದವು ಎಂದು ಹೇಳಲಾರೆ. ಮತ್ತೆ ಬಾಯಿ ತುಂಬ ಸಾರುವಷ್ಟು ನೆಲ ಕಾಲಡಿ ಸಿಕ್ಕಿತು.

ಆಮೇಲೆ ಪ್ರಸಂಗಕ್ಕೆ ಒಂದು ಪರೀಕ್ಷೆ ಇಟ್ಟುಕೊಂಡೆ. ಶನಿವಾರ ರಾತ್ರಿ ಬರೆದು ಮುಗಿಸಿದ ಮೇಲೆ ನನ್ನನ್ನೇ ಕೇಳಿಕೊಳ್ಳುತ್ತೇನೆ: ಯೇಸು ಸಾಯದೆ, ಏಳದೆ ಇದ್ದರೂ ಈ ಪ್ರಸಂಗ ಮಾಡಬಹುದಿತ್ತೇ? ಹೌದು ಅನ್ನಿಸಿದರೆ ಮತ್ತೆ ಬರೆಯಬೇಕು. ಮೊದಲ ಎರಡು ತಿಂಗಳು ಹೆಚ್ಚುಕಡಿಮೆ ಪ್ರತಿ ಶನಿವಾರವೂ ಮತ್ತೆ ಬರೆದೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಭಾನುವಾರದ ವಿಷಯವೂ ಓದಬೇಕಾದ ಸತ್ಯವೇದದ ಭಾಗಗಳೂ ಮೊದಲೇ ಗೊತ್ತಾಗಿರುತ್ತವೆ, ಅದನ್ನು ಬಿಡಲಿಲ್ಲ. ಪರಿಸರದ ಭಾನುವಾರ ಪರಿಸರದ ಬಗ್ಗೆಯೇ ಹೇಳಿದೆ, ಆದರೆ ಸೃಷ್ಟಿಯನ್ನು ಬಿಡುಗಡೆ ಮಾಡಲು ಬಂದವನ ಹೆಸರು ಹಿಡಿದು ಹೇಳಿದೆ.

ನಿಜವಾದ ಬದಲಾವಣೆ ಕಂಡದ್ದು ಬುಧವಾರದ ಮನೆಪ್ರಾರ್ಥನೆಗಳಲ್ಲಿ. ಅಲ್ಲಿ ಮಾರ್ಕನ ಸುವಾರ್ತೆಯನ್ನು ಮೊದಲಿನಿಂದ ಓದೋಣ ಅಂದೆ. ಹದಿನಾರೇ ಅಧ್ಯಾಯ, ಯೇಸುವಿನ ಬದುಕನ್ನು ಹೇಳುವ ನಾಲ್ಕೂ ಸುವಾರ್ತೆ ಪುಸ್ತಕಗಳಲ್ಲಿ ಚಿಕ್ಕದು. ಒಬ್ಬರು ಓದಬೇಕು, ಏನು ಕಂಡಿತೋ ಎಲ್ಲರೂ ಹೇಳಬೇಕು, ನಾನು ಕೊನೆಗೆ ಮಾತಾಡಬೇಕು. ಎರಡನೇ ಅಧ್ಯಾಯಕ್ಕೆ ಬಂದಾಗ ಹಳೆಯ ಮಾಳಿಗೆ ಮನೆಯೊಂದರಲ್ಲಿ ಕೂತಿದ್ದೆವು. ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನಸಂದಣಿಯಲ್ಲಿ ದಾರಿ ಸಿಗದೆ ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸುವ ಘಟನೆ. ಆ ಮನೆಯ ಅಜ್ಜಿ ಮೇಲೆ ನೋಡಿದರು. "ನಮ್ಮ ಮಾಳಿಗಿನೂ ಹಂಗ ಐತಿ ನೋಡ್ರಿ, ಮಣ್ಣ ತಗದ್ರ ಆತು" ಅಂದರು. ಓದಲು ಬಾರದ ಹೆಂಗಸು. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು: "ಮಲಗಿದಾಂವ ಏನೂ ಮಾಡಿಲ್ಲಲ್ಲ ಯಪ್ಪಾ. ಕೇಳಿಕೊಂಡೂ ಇಲ್ಲ. ಹೊತ್ತು ತಂದವರ ನಂಬಿಗಿ ನೋಡಿ ಅವನ ಪಾಪ ಕ್ಷಮಿಸ್ಯಾನ."

ಈ ಭಾಗದ ಮೇಲೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಪ್ರತಿ ಸಲವೂ ಪರೋಪಕಾರದ ಬಗ್ಗೆ ಹೇಳಿದ್ದೆ. ಮಲಗಿದವನ ಕಡೆ ಒಮ್ಮೆಯೂ ನೋಡಿರಲಿಲ್ಲ.

ಅಜ್ಜಿಗೆ ಬೇವಿನ ಮರದ ಕೆಳಗಿನವನ ತಾಯಿ ಓರಗೆಯವರು. "ಹಂಗಾದ್ರ ನಾವೂ ನಾಲ್ಕು ಮಂದಿ ಹೋಗೂನು" ಎಂದು ಅವರೇ ಹೊರಡಿಸಿದರು. ಮರುದಿನ ಸಂಜೆ ಅವನ ಮನೆಗೆ ಹೋದೆವು. ಮಗ್ಗ ನಿಂತಿತ್ತು, ಹೆಂಡತಿ ತವರಿಗೆ ಹೋಗಿದ್ದಳು. ಕುಡಿಯಬೇಡ ಎಂದು ಯಾರೂ ಹೇಳಲಿಲ್ಲ. ಲೂಕನ ಸುವಾರ್ತೆಯ 18ನೇ ಅಧ್ಯಾಯದಿಂದ ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಇಬ್ಬರ ಕಥೆ ಓದಿದೆ. ವಾರಕ್ಕೆ ಎರಡು ಸಲ ಉಪವಾಸ ಮಾಡುವ ಫರಿಸಾಯ, ಅಂದರೆ ಧರ್ಮನಿಯಮ ಬಿಗಿಯಾಗಿ ಪಾಲಿಸುವ ಯೆಹೂದ್ಯ, ಒಬ್ಬ. ಇನ್ನೊಬ್ಬ ಜನ ಪಾಪಿಯೆಂದು ದೂರ ಇಟ್ಟಿದ್ದ ಸುಂಕದವನು, ದೂರದಲ್ಲೇ ನಿಂತು, ತಲೆ ಸಹ ಎತ್ತದೆ "ದೇವರೇ, ಪಾಪಿಯಾದ ನನ್ನನ್ನು ಕರುಣಿಸು" ಎಂದವನು. ನೀತಿವಂತನಾಗಿ ಮನೆಗೆ ಹೋದವನು ಇವನೇ ಎಂದು ಯೇಸು ಹೇಳಿದ ಎಂದಾಗ ನೇಕಾರ ಓದುವುದನ್ನು ತಡೆದ. "ಬಿಟ್ಟ ಮ್ಯಾಲೇನ್ರಿ, ಬಿಡೂಕಿಂತ ಮೊದಲೇನ್ರಿ?" ಮೊದಲೇ ಎಂದೆ. ನಾವು ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ ಎಂದೆ. ಅವನು ಮತ್ತೊಮ್ಮೆ ಓದಿಸಿದ.

ಕುಡಿತ ಅಂದೇ ಬಿಟ್ಟುಹೋಗಲಿಲ್ಲ. ಅದು ಕಾಯಿಲೆಯೂ ಹೌದು. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ ಆಗಬಹುದು ಎಂದು ಡಾಕ್ಟರು ಹೇಳಿದ್ದರಿಂದ ಆಸ್ಪತ್ರೆಗೆ ಸೇರಿಸಿದೆವು, ಸರದಿಯ ಮೇಲೆ ಜೊತೆಗೆ ಇದ್ದೆವು. ಪ್ರಾರ್ಥನೆ ಇದೆ, ಔಷಧಿ ಬೇಡ ಎನ್ನುವ ಬೋಧಕರನ್ನು ಕಂಡರೆ ನನಗೆ ಬಹಳ ನೋವಾಗುತ್ತದೆ. ಸುವಾರ್ತೆಯನ್ನು ನಂಬುವವನು ಡಾಕ್ಟರನ್ನು ದೂರ ಇಡಬೇಕಿಲ್ಲ. ವೈದ್ಯ ಲೂಕನನ್ನು ಪ್ರಿಯ ಎಂದು ಕರೆದವನು ಪೌಲನೇ.

ಸಭೆಯಲ್ಲಿ ಎಲ್ಲರಿಗೂ ಇದು ಹಿಡಿಸಲಿಲ್ಲ. "ಅಯ್ನೋರು ಬರೇ ಪಾಪ, ಶಿಲುಬೆ ಅಂತಾರ, ಲೋಕದ ವಿಚಾರ ಹೇಳೂದಿಲ್ಲ" ಎಂಬ ದೂರು ಕಮಿಟಿಗೆ ಹೋಯಿತು. ಎರಡು ಕುಟುಂಬಗಳು ಬೇರೆ ಸಭೆಗೆ ಹೋದವು. ಡ್ರಮ್ಸ್ ಕೂಗಾಟ ಕಡಿಮೆ ಮಾಡಿ ಹಳೆಯ ಕನ್ನಡ ಗೀತೆಗಳಿಗೆ ಹಿಂತಿರುಗಿದ್ದಕ್ಕೆ ಕೆಲವು ಹುಡುಗರು ಮುನಿಸಿಕೊಂಡರು. ಹಾಜರಿ ಹೆಚ್ಚಾಗಲಿಲ್ಲ. ಮಕ್ಕಳಿಗೆ ಸಭೆಯ ನಂಬಿಕೆ ಕಲಿಸುವ ದೃಢೀಕರಣದ ತರಗತಿಯಲ್ಲಿ ಮಾತ್ರ ಮೊದಲ ಸಲ ಮಕ್ಕಳು ನನಗೆ ಪ್ರಶ್ನೆ ಕೇಳತೊಡಗಿದರು. ಅಲ್ಲಿಯತನಕ ಬರೀ ಬಾಯಿಪಾಠ ಒಪ್ಪಿಸುತ್ತಿದ್ದವು.

ನಮ್ಮ ಕಡೆಯ ಹಳೆಯ ಸಭೆಗಳ ಚರಿತ್ರೆಯೂ ನನಗೆ ಧೈರ್ಯ ಕೊಟ್ಟಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ಕರಾವಳಿಯಲ್ಲಿ ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಎದ್ದವು. ಕ್ರೈಸ್ತರಾದವರನ್ನು ಮನೆಯಿಂದ, ಕಸುಬಿನಿಂದ ಹೊರಗೆ ಹಾಕುತ್ತಿದ್ದಾಗ ಅವು ಅನ್ನ ಕೊಟ್ಟವು. 1914ರಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಸರ್ಕಾರದ ವಶವಾಗಿ ಆಮೇಲೆ ಬೇರೆ ಕಂಪನಿಯ ಕೈಗೆ ಹೋದವು. ನಮ್ಮ ಜನ ಕ್ರೈಸ್ತರಾದದ್ದು ಕೆಲಸಕ್ಕಾಗಿ, ರೊಟ್ಟಿಗಾಗಿ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಸಾಹೇಬರೂ ಹೋಗಿ, ಕಾರ್ಖಾನೆಯೂ ಕೈಬಿಟ್ಟ ಮೇಲೆ ಆ ಸಭೆಗಳು ಬಾಗಿಲು ಹಾಕಲಿಲ್ಲ. ನಮ್ಮವರೇ ಸತ್ಯವೇದ ಓದಿದರು, ನಮ್ಮವರೇ ಸತ್ತವರನ್ನು ಮಣ್ಣುಮಾಡಿ ಪುನರುತ್ಥಾನದ ಮಾತು ಹೇಳಿದರು.

ಅದೇ ಮಿಶನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಕಿಟೆಲ್ 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ನಿಘಂಟು ಕೊಟ್ಟ. ಈ ಮಿಶನರಿಗಳು ಇಲ್ಲಿನ ಧರ್ಮಗಳ ಬಗ್ಗೆ ಕಠಿಣವಾಗಿ ಬರೆದದ್ದೂ ಉಂಟು; ಆ ಮಾತುಗಳನ್ನು ಇಂದು ಓದಿದರೆ ನನಗೆ ಸಂಕಟವಾಗುತ್ತದೆ. ಆದರೆ ಸ್ವಂತ ನಂಬಿಕೆ ಗಟ್ಟಿಯಿದ್ದವನು ಪುರಂದರದಾಸರ ಪದವನ್ನು ಕೈಯಲ್ಲಿ ಹಿಡಿಯಲು ಅಂಜಲಿಲ್ಲ ಎಂಬುದನ್ನೂ ಅವರಲ್ಲೇ ಕಾಣುತ್ತೇನೆ.

ಇದರ ನಿಜ ನನಗೆ ತಿಳಿದದ್ದು ನೆರೆಮನೆಯಲ್ಲಿ. ನಿವೃತ್ತ ಮೇಷ್ಟ್ರು, ಲಿಂಗಾಯತರು. ಪ್ರತಿ ಕ್ರಿಸ್‌ಮಸ್‌ಗೆ ನಮ್ಮ ಮನೆಗೆ ಬರುತ್ತಾರೆ. ಒಮ್ಮೆ ಕೇಕು ತಿನ್ನುತ್ತ "ನಿಮ್ಮ ಧರ್ಮದ ಮುಖ್ಯ ಮಾತು ಯಾವುದ್ರಿ?" ಎಂದು ಕೇಳಿದಾಗ ನಾನು ವಿನಯಕ್ಕೆ "ಎಲ್ಲಾ ಒಂದರೀ ಸರ್, ಒಳ್ಳೇದು ಮಾಡೂದು" ಅಂದಿದ್ದೆ. ಅವರು ನಕ್ಕು, "ಎಲ್ಲಾ ಒಂದ ಆದ್ರ ನೀವ್ಯಾಕ ಬ್ಯಾರೆ ಗುಡಿ ಕಟ್ಟೀರಿ?" ಅಂದರು. ಮುಂದಿನ ಕ್ರಿಸ್‌ಮಸ್‌ಗೆ ಅದೇ ಪ್ರಶ್ನೆಯನ್ನು ನಾನೇ ನೆನಪಿಸಿ ಉತ್ತರ ಹೇಳಿದೆ. ದೇವರು ನಮ್ಮ ಹತ್ತಿರ ಬಂದ, ನಮ್ಮ ಸಾವು ಸತ್ತ, ಎದ್ದ, ಅದಕ್ಕೇ ನಾವು ಸೇರುತ್ತೇವೆ ಎಂದೆ. ಅರ್ಧ ತಾಸು ಕೇಳಿದರು. ಆಮೇಲೆ ಅರ್ಧ ತಾಸು ಅವರು ಬಸವಣ್ಣನವರ ಬಗ್ಗೆ ಹೇಳಿದರು, ನಾನು ಕೇಳಿದೆ. ಕೇಳಿದವರಿಗೆ ನನ್ನ ನಂಬಿಕೆಯನ್ನು ಹೇಳುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ. ಒತ್ತಾಯ, ಆಮಿಷ ನಮಗೆ ಬೇಡವೇ ಬೇಡ. ಅವು ಬೇಕಾಗುವುದು ಹೇಳುವ ಮಾತಿನಲ್ಲಿ ಬಲ ಇಲ್ಲ ಅನ್ನಿಸಿದವರಿಗೆ. ಮೇಷ್ಟ್ರು ಈಗಲೂ ಲಿಂಗಪೂಜೆ ಮಾಡಿಯೇ ಚಹಾ ಕುಡಿಯುವವರು, ಮತ್ತು ನನ್ನ ಹತ್ತಿರದ ಗೆಳೆಯರು.

ಕಳೆದ ತಿಂಗಳು ಒಂದು ಭಾನುವಾರ ನಮ್ಮ ನೇಕಾರ ಆರಾಧನೆಗೆ ಬರಲಿಲ್ಲ. ಏಳು ತಿಂಗಳು ಬಿಟ್ಟಿದ್ದವನು, ಯಾವುದೋ ಮದುವೆಗೆ ಹೋಗಿ ಎರಡು ದಿನ ಮತ್ತೆ ಕುಡಿದಿದ್ದ. ಗುಡಿ ಖಾಲಿಯಾದ ಮೇಲೆ ನೋಡಿದರೆ ಬೇವಿನ ಕಟ್ಟೆಯ ಮೇಲೆ ಕೂತಿದ್ದ, ತಲೆ ತಗ್ಗಿಸಿ. ನಿಲುವಂಗಿಯಲ್ಲೇ ಹೋಗಿ ಪಕ್ಕದಲ್ಲಿ ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ಕೈಯಲ್ಲಿದ್ದ ಸತ್ಯವೇದದ ಕಡೆ ತೋರಿಸಿದ.

"ಆ ಸುಂಕದವನದು ಓದ್ರಿ ಅಯ್ನೋರ."

ಓದಿದೆ.