ಬೀದಿ ಬೆಕ್ಕಿನ ಮರಿಯ ಕಣ್ಣಿನಲ್ಲಿ ಕೀವು ಕಂಡರೆ

ನಾನು ಡಾಕ್ಟರ್ ಅಲ್ಲ, ಟೈಲರ್. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಹಿಂದಿನ ಓಣಿಯ ಬೆಕ್ಕುಗಳಿಗೆ ಊಟ ಹಾಕುವವಳು ನಾನೇ ಅಂತ ಬೀದಿಗೆಲ್ಲ ಗೊತ್ತು. ಹಾಗಾಗಿ ಮರಿ ಹಾಕುವ ಕಾಲ ಬಂತೆಂದರೆ ಯಾರಾದರೊಬ್ಬರು ರಟ್ಟಿನ ಡಬ್ಬ ಹಿಡಿದು ಮೆಟ್ಟಿಲ ಹತ್ತಿರ ನಿಂತಿರುತ್ತಾರೆ. "ಅಕ್ಕಾ, ಎರಡು ಕಣ್ಣೂ ಹೋಗ್ಬಿಟ್ಟಿದೆ, ಪಾಪ."

ಆ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಗೀಜು ಒಣಗಿ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಒಳಗಿನ ಕೆಂಪು ಪೊರೆ ಊದಿ ಹೊರಗೆ ಬಂದಿರುತ್ತದೆ. ನೋಡಿದವರಿಗೆ ಗುಡ್ಡೆಯೇ ಒಡೆದಿದೆ ಅನ್ನಿಸುತ್ತದೆ. ಒರೆಸಿ ನೋಡಿದರೆ ಅದರ ಹಿಂದೆ ಕಣ್ಣು ಚೆನ್ನಾಗಿಯೇ ಇರುವುದುಂಟು. ಇನ್ನೊಂದು ವಿಷಯ: ಬೆಕ್ಕಿಗೆ ಮೂಗಿನ ಪಕ್ಕದ ಮೂಲೆಯಲ್ಲಿ ಮೂರನೇ ರೆಪ್ಪೆ ಅಂತ ಒಂದಿದೆ. ಹುಷಾರಿಲ್ಲದಾಗ ಅದು ಅರ್ಧ ಕಣ್ಣಿನವರೆಗೂ ಏರಿ ನಿಲ್ಲುತ್ತದೆ. ಏನೋ ಪೊರೆ ಬೆಳೆದಿದೆ ಅಂತ ಅದನ್ನು ಎಳೆಯೋಕೆ ಹೋಗುವವರಿದ್ದಾರೆ. ದಯವಿಟ್ಟು ಮುಟ್ಟಬೇಡಿ.

ಹಾಗಂತ ನಾಳೆ ನೋಡೋಣ ಅಂತ ಬಿಡುವ ಕಾಯಿಲೆಯೂ ಅಲ್ಲ. ಕಾರ್ನಿಯಾ, ಅಂದರೆ ಗುಡ್ಡೆಯ ಮುಂದಿನ ಪಾರದರ್ಶಕ ಪದರದ ಮೇಲೆ ಹುಣ್ಣಾಗಿ ಅದಕ್ಕೆ ಬ್ಯಾಕ್ಟೀರಿಯಾ ಸೇರಿಕೊಂಡರೆ ಒಂದೆರಡು ದಿನದಲ್ಲೇ ಕಣ್ಣು ತೂತಾಗಬಹುದು. ಗುಡ್ಡೆ ಮೇಲೆ ನೀಲಿ ಅಥವಾ ಬಿಳಿ ಮಬ್ಬು, ನಡುವೆ ಸಣ್ಣ ಗುಳಿ, ಕಂದು ಬಣ್ಣದ್ದೇನೋ ಹೊರಗೆ ಇಣುಕುವುದು, ರಕ್ತ, ಒಂದು ಕಣ್ಣು ಇನ್ನೊಂದಕ್ಕಿಂತ ಉಬ್ಬಿರುವುದು: ಇದರಲ್ಲಿ ಯಾವುದು ಕಂಡರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಮರಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೈ ತಣ್ಣಗಿದ್ದರೆ, ಏನೂ ತಿನ್ನದಿದ್ದರೆ ಕೂಡ ಅಷ್ಟೇ.

ತೀರಾ ಎಳೆಯ ಮರಿಗಳ ಕಥೆ ಬೇರೆ. ಹುಟ್ಟಿದ 7ರಿಂದ 14 ದಿನದೊಳಗೆ ಮರಿಗಳು ಕಣ್ಣು ಬಿಡುತ್ತವೆ. ಅದಕ್ಕೂ ಮೊದಲೇ ಮುಚ್ಚಿದ ರೆಪ್ಪೆಯ ಹಿಂದೆ ಕೀವು ತುಂಬಿ ಕಣ್ಣು ಉಬ್ಬಿಕೊಳ್ಳುವುದಿದೆ. ಹೊರಗೆ ಏನೂ ಕಾಣುವುದಿಲ್ಲ, ಬರೀ ಉಬ್ಬು, ಮೂಲೆಯಲ್ಲಿ ಒಂದಿಷ್ಟು ಹಳದಿ. ಆ ಕೀವು ಹೊರಗೆ ಬರಲೇಬೇಕು, ಇಲ್ಲದಿದ್ದರೆ ಒಳಗಿನ ಕಣ್ಣು ಹಾಳಾಗುತ್ತದೆ. ಉಗುರು ಹಾಕಿ ಬಿಡಿಸಬೇಡಿ. ಬೆಚ್ಚಗಿನ ಒದ್ದೆ ಬಟ್ಟೆ ಇಡುತ್ತಾ ಡಾಕ್ಟರ್ ಹತ್ತಿರ ಓಡಿ, ಅವರು ನಿಧಾನಕ್ಕೆ ರೆಪ್ಪೆ ಬಿಡಿಸಿ ತೊಳೆಯುತ್ತಾರೆ.

ತಾಯಿ ಎಲ್ಲಿ?

ಮರಿಯನ್ನು ಎತ್ತಿಕೊಳ್ಳುವ ಮೊದಲು ಸುತ್ತ ನೋಡಿ. ತಾಯಿ ಊಟಕ್ಕೆ ಹೋಗಿರಬಹುದು. ಮರಿ ಬೆಚ್ಚಗೆ, ಹೊಟ್ಟೆ ತುಂಬಿ ಮಲಗಿದ್ದರೆ ತಾಯಿ ಬರುತ್ತಾಳೆ ಅಂತಲೇ ಅರ್ಥ. ಆಗ ಸಾಧ್ಯವಾದರೆ ತಾಯಿಯನ್ನೂ ಮರಿಗಳನ್ನೂ ಒಟ್ಟಿಗೆ ಒಂದು ಕೋಣೆಗೆ ತನ್ನಿ. ತಾಯಿ ಹಾಲು ಕುಡಿದುಕೊಂಡೇ ಔಷಧಿ ಹಾಕಿಸಿಕೊಂಡ ಮರಿ ಬೇಗ ಸುಧಾರಿಸುತ್ತದೆ. ಒಂದು ಮರಿಗೆ ಕಣ್ಣು ಬಂದಿದೆ ಅಂದರೆ ಉಳಿದವಕ್ಕೂ ಬಂದಿರುತ್ತದೆ ಅಥವಾ ಬರುತ್ತದೆ. ಹೂಕುಂಡದ ಸಂದಿ, ಜನರೇಟರ್ ಹಿಂದೆ, ಸ್ಕೂಟರ್ ಕವರ್ ಒಳಗೆ, ಎಲ್ಲ ಕಡೆ ಹುಡುಕಿ.

ಹಿಡಿಯುವಾಗ ದಪ್ಪ ಟವೆಲ್ ಬೇಕು. ಕಣ್ಣು ಕಾಣದ ಮರಿ ಹೆದರಿ ಕಚ್ಚುತ್ತದೆ. ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ವಿಚಾರ ಕೇಳಿ. "ಅಯ್ಯೋ, ಇಷ್ಟು ಪುಟ್ಟ ಮರಿ" ಅಂತ ಸುಮ್ನೆ ಕೂರಬೇಡಿ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ.

ತಂದ ತಕ್ಷಣ ಎಲ್ಲರೂ ಮಾಡುವುದು ಹಾಲಿಡುವುದು. ಮೊದಲು ಬೇಕಾದ್ದು ಕಾವು. 4 ವಾರದೊಳಗಿನ ಮರಿ ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲಾರದು. ತಣ್ಣಗಾದ ಮರಿಗೆ ಹಾಲು ಕುಡಿಸಿದರೆ ಜೀರ್ಣವಾಗುವುದಿಲ್ಲ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದೇ ಬದಿಗೆ ಇಡಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಲಿ.

ಕಣ್ಣು ಒರೆಸುವುದು

ಇದು ಸ್ವಲ್ಪ ವಿವರವಾಗಿ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಸಿಗುತ್ತದೆ, 0.9% ಅಂತ ಬರೆದಿರುತ್ತದೆ. ಅದು ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು ಸಾಕು. ಮನೆಯಲ್ಲೇ ಉಪ್ಪು ಬೆರೆಸಿಕೊಳ್ಳಬೇಡಿ, ಅಳತೆ ತಪ್ಪಿದರೆ ಉರಿಯುತ್ತದೆ. ಹತ್ತಿಯ ಉಂಡೆಯಿಂದ ಎಳೆ ಬಿಟ್ಟು ಗೀಜಿಗೆ ಅಂಟುತ್ತದೆ ಅಂತ ನಾನು ಕಾಟನ್ ಲೈನಿಂಗ್ ಬಟ್ಟೆಯ ಚೂರು ಬಳಸುತ್ತೇನೆ. ಅಂಗಡಿಯಲ್ಲಿ ಅದಕ್ಕೇನೂ ಕೊರತೆ ಇಲ್ಲವಲ್ಲ! ಒಗೆದು, ಕುದಿಸಿ, ಒಣಗಿಸಿ ಡಬ್ಬಿಯಲ್ಲಿಟ್ಟಿರುತ್ತೇನೆ. ನಿಮ್ಮ ಮನೆಯಲ್ಲಿ ಹಳೇ ಮೆತ್ತನೆ ಪಂಚೆ ಇದ್ದರೆ ಅದೂ ಆಗುತ್ತದೆ. ಹೊಸ ಬಟ್ಟೆ ಬೇಡ, ಗಂಜಿ ಇರುತ್ತದೆ.

ಮರಿಯನ್ನು ಟವೆಲ್‌ನಲ್ಲಿ ಕಾಲು ಸಮೇತ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು, ಮಡಿಲಲ್ಲಿ ನಿಮ್ಮ ಹೊಟ್ಟೆಗೆ ಬೆನ್ನು ಕೊಟ್ಟು ಕೂರಿಸಿಕೊಳ್ಳಿ. ಬೆಚ್ಚಗಿನ ನೀರಿನಲ್ಲಿ ಚೂರನ್ನು ಅದ್ದಿ, ಮುಚ್ಚಿದ ಕಣ್ಣಿನ ಮೇಲೆ ಎರಡು ಮೂರು ನಿಮಿಷ ಸುಮ್ಮನೆ ಇಡಿ. ಉಜ್ಜಬೇಡಿ, ಕಾಯಿರಿ. ಒಣಗಿದ ಕಂದು ಗೀಜು ನೆನೆದು ಮೆತ್ತಗಾಗುತ್ತದೆ, ಅಂಚು ತಾನಾಗಿಯೇ ಏಳುತ್ತದೆ. ಆಗ ಮೂಗಿನ ಕಡೆಯಿಂದ ಹೊರಗಡೆಗೆ ಒಂದೇ ಸಲ ಒರೆಸಿ. ಆ ಚೂರನ್ನು ಬಿಸಾಡಿ, ಹೊಸದು ತಗೊಳ್ಳಿ. ಒಂದು ಕಣ್ಣಿಗೆ ಬಳಸಿದ್ದನ್ನು ಇನ್ನೊಂದಕ್ಕೆ ತಾಗಿಸಲೇಬಾರದು. ರೆಪ್ಪೆ ಬಿಟ್ಟುಕೊಂಡ ತಕ್ಷಣ ಒಳಗಿನಿಂದ ದಪ್ಪ ಹಳದಿ ಕೀವು ಸುರಿಯಬಹುದು. ಗಾಬರಿ ಬೇಡ, ಅದು ಹೊರಗೆ ಬಂದಿದ್ದೇ ಒಳ್ಳೆಯದು. ಸಲೈನ್ ಹನಿಸಿ ತೊಳೆಯಿರಿ. ರೆಪ್ಪೆ ಬಿಡದಿದ್ದರೆ ಮತ್ತೆ ನೆನೆಸಿ. ಗುಡ್ಡೆಯನ್ನು ಒತ್ತಬಾರದು. ಮಬ್ಬಾಗಿರುವ ಅಥವಾ ಉಬ್ಬಿರುವ ಕಣ್ಣನ್ನಂತೂ ಒತ್ತಲೇಬೇಡಿ.

ಹಾಕಬಾರದ್ದು ಇಷ್ಟು: ಹರಳೆಣ್ಣೆ, ಜೇನು, ಅರಿಶಿನದ ನೀರು, ಎದೆಹಾಲು, ಟೀ ಡಿಕಾಕ್ಷನ್. ನಮ್ಮ ಬೀದಿಯ ಹೂವಿನ ಅಜ್ಜಿ ಪ್ರತಿ ಸಲ "ನಂದಿಬಟ್ಟಲು ಹೂವಿನ ರಸ ಬಿಡಮ್ಮ, ತಂಪು" ಅನ್ನುತ್ತಾರೆ. ಹೂವು ಈಸ್ಕೊಂಡು ದೇವರಿಗೆ ಇಡುತ್ತೇನೆ. ಹುಣ್ಣಾದ ಕಣ್ಣಿಗೆ ತೊಳೆಯದ ಹೂವಿನ ರಸ ಬಿಡುವುದು ಹೊಸ ಸೋಂಕನ್ನು ಕರೆದ ಹಾಗೆ.

ಡಾಕ್ಟರ್ ಮತ್ತು ಔಷಧಿ

ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೇರೆ ಊರಿನಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದ್ದೇ ಇರುತ್ತದೆ. ಬೆಕ್ಕು ನೋಡುತ್ತಾರಾ, ಯಾವ ಹೊತ್ತಿಗೆ ಇರುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಹೋದಾಗ "ಕಣ್ಣಿಗೆ ಡೈ ಹಾಕಿ ಹುಣ್ಣು ಇದೆಯಾ ನೋಡ್ತೀರಾ ಸರ್?" ಅಂತ ಕೇಳಿ. ಫ್ಲೋರೆಸೀನ್ ಅನ್ನುವ ಬಣ್ಣ ಅದು. ಹುಣ್ಣಿರುವ ಜಾಗದಲ್ಲಿ ಹಸಿರಾಗಿ ನಿಲ್ಲುತ್ತದೆ. ಮುಂದಿನ ಔಷಧಿಯೆಲ್ಲ ಅದರ ಮೇಲೆ ನಿಂತಿರುತ್ತದೆ.

ಯಾಕೆಂದರೆ ಕಣ್ಣಿನ ಡ್ರಾಪ್ಸ್‌ನಲ್ಲಿ ಎರಡು ಜಾತಿ. ಬರೀ ಆಂಟಿಬಯಾಟಿಕ್ ಇರುವುದು ಒಂದು, ಸ್ಟೀರಾಯ್ಡ್ ಸೇರಿಸಿದ್ದು ಇನ್ನೊಂದು. ಸ್ಟೀರಾಯ್ಡ್ ಹಾಕಿದರೆ ಕೆಂಪು ಬೇಗ ಇಳಿಯುತ್ತದೆ, ನೋಡೋಕೆ ಚೆನ್ನಾಗಿ ಕಾಣುತ್ತದೆ. ಆದರೆ ಹುಣ್ಣಿದ್ದರೆ ಒಳಗೊಳಗೇ ಕಾರ್ನಿಯಾ ಕರಗುತ್ತಾ ಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ "ಬೆಕ್ಕಿನ ಕಣ್ಣಿಗೆ ಏನಾದ್ರೂ ಕೊಡಿ" ಅಂದರೆ ಯಾವುದನ್ನು ಕೊಡುತ್ತಾರೋ ಹೇಳಲಾಗದು. ನಮ್ಮ ಗಿರಾಕಿಯೊಬ್ಬರು ತಂದು ತೋರಿಸಿದ ಬಾಟಲಿಯಲ್ಲಿ ಸ್ಟೀರಾಯ್ಡೇ ಇತ್ತು. ಡಬ್ಬಿ ತಿರುಗಿಸಿ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಈ ಹೆಸರುಗಳಿದ್ದರೆ ಡಾಕ್ಟರ್ ನೋಡಿ ಹೇಳುವವರೆಗೆ ಒಂದು ಹನಿಯೂ ಬೇಡ. ರಾತ್ರಿಯಾಗಿದೆ, ಡಾಕ್ಟರ್ ಸಿಗುವುದಿಲ್ಲ ಅಂದರೆ ಸಲೈನ್‌ನಲ್ಲಿ ಒರೆಸುತ್ತಾ, ಬೆಚ್ಚಗಿಟ್ಟು ಬೆಳಗಿನವರೆಗೆ ಕಾಯಿರಿ.

ರೋಗದ ಮೂಲ ಸಾಮಾನ್ಯವಾಗಿ ಬೆಕ್ಕಿನ ಹರ್ಪಿಸ್ ವೈರಸ್, ಕ್ಯಾಲಿಸಿ ವೈರಸ್, ಇಲ್ಲವೇ ಕ್ಲಮಿಡಿಯಾ ಅನ್ನುವ ಬ್ಯಾಕ್ಟೀರಿಯಾ. ಎರಡು ಮೂರು ಒಟ್ಟಿಗೆ ಇರುವುದೂ ಉಂಟು. ಸೀನು, ಮೂಗು ಸೋರುವುದರ ಜೊತೆ ಕಾರ್ನಿಯಾದಲ್ಲಿ ಹುಣ್ಣಿದ್ದರೆ ಡಾಕ್ಟರ್ ಹರ್ಪಿಸ್ ಅಂತ ಅನುಮಾನಪಡುತ್ತಾರೆ, ವೈರಸ್ ತಡೆಯುವ ಫ್ಯಾಮ್‌ಸೈಕ್ಲೋವಿರ್ ಬರೆಯಬಹುದು. ಇದೇ ಗುಂಪಿನ ವಾಲಾಸೈಕ್ಲೋವಿರ್ ಬೆಕ್ಕಿಗೆ ವಿಷ, ಹಾಗಾಗಿ ಅಂಗಡಿಯವರು "ಅದಿಲ್ಲ, ಇದು ತಗೊಳ್ಳಿ" ಅಂದರೆ ವಾಪಸ್ ಬನ್ನಿ. ಕ್ಲಮಿಡಿಯಾ ಆದರೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕೊಡುವುದು ಹೆಚ್ಚು. ಸುಮಾರು 4 ವಾರ ಕೊಡಬೇಕಾಗುತ್ತದೆ. ಮೊದಲ ವಾರದಲ್ಲೇ ಕಣ್ಣು ಸ್ವಚ್ಛವಾಯಿತು ಅಂತ ನಿಲ್ಲಿಸಿದರೆ ಮತ್ತೆ ಬರುತ್ತದೆ. ಆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಗಾಯ ಮಾಡುತ್ತದೆ, ಕೊಟ್ಟ ಮೇಲೆ ಸಿರಿಂಜಿನಲ್ಲಿ ಸ್ವಲ್ಪ ನೀರು ಕುಡಿಸಿ. ಜ್ವರ ಇದೆ ಅಂತ ಪ್ಯಾರಸಿಟಮಾಲ್ ಕೊಡಲೇಬೇಡಿ. ಚೂರು ಹೋದರೂ ಬೆಕ್ಕು ಸಾಯಬಹುದು.

ಹಾಕುವ ಕ್ರಮ ಹೀಗೆ. ಮೊದಲು ಒರೆಸಿ, ಆಮೇಲೆ ಡ್ರಾಪ್ಸ್, 5 ನಿಮಿಷ ಬಿಟ್ಟು ಆಯಿಂಟ್‌ಮೆಂಟ್. ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಸ್ವಲ್ಪ ಎಳೆದರೆ ಒಂದು ಸಣ್ಣ ಜೇಬು ಆಗುತ್ತದೆ. ಅದರೊಳಗೆ ಅಕ್ಕಿ ಕಾಳಿನಷ್ಟು ಆಯಿಂಟ್‌ಮೆಂಟ್ ಸಾಕು. ಟ್ಯೂಬಿನ ತುದಿ ಕಣ್ಣಿಗೆ ತಾಗಬಾರದು. ದಿನಕ್ಕೆ 4 ಸಲ ಅಂದಿದ್ದರೆ 4 ಸಲವೂ ಹಾಕಬೇಕು. ನಾನು ಮೊಬೈಲಿನಲ್ಲಿ ಅಲಾರಂ ಇಟ್ಟಿರುತ್ತೇನೆ. ಅದು ಹೊಡೆದಾಗ ಅಳತೆ ಕೊಡಲು ಬಂದ ಗಿರಾಕಿಗಳೂ ಟವೆಲ್ ಹಿಡಿದುಕೊಳ್ಳುತ್ತಾರೆ.

ಹೊಟ್ಟೆ, ಮೂಗು, ತೂಕ

ಬೆಕ್ಕು ವಾಸನೆ ಹಿಡಿದು ತಿನ್ನುವ ಪ್ರಾಣಿ. ಮೂಗು ಕಟ್ಟಿದರೆ ಊಟ ಬಿಡುತ್ತದೆ. ಬಚ್ಚಲಿನ ಬಾಗಿಲು ಹಾಕಿ, ಬಕೆಟಿಗೆ ಬಿಸಿನೀರು ಬಿಟ್ಟು, ಮರಿಯ ಡಬ್ಬವನ್ನು ದೂರದಲ್ಲಿಟ್ಟು, ಹತ್ತು ನಿಮಿಷ ಜೊತೆಗೇ ಕೂರಿ. ಆಮೇಲೆ ಮೂಗು ಒರೆಸಿ ಊಟ ಇಡಿ. ಹಲ್ಲು ಬಂದ ಮರಿಗೆ ಬೇಯಿಸಿದ ಕೋಳಿ ಅಥವಾ ಮೀನನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ, ಮುಳ್ಳು ತೆಗೆದು, ನುಣ್ಣಗೆ ಮಾಡಿ ಬೆಚ್ಚಗೆ ಕೊಡಿ. ಹಲ್ಲಿಲ್ಲದ ಮರಿಗೆ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಬೇಕು. ಹಸುವಿನ ಹಾಲಿನಿಂದ ಭೇದಿಯಾಗುತ್ತದೆ, ಅದೇ ಸಾಕು ಮರಿ ಹೋಗೋಕೆ. ಕುಡಿಸುವಾಗ ಮಗುವಿನಂತೆ ಅಂಗಾತ ಮಲಗಿಸಬೇಡಿ. ಹೊಟ್ಟೆ ಕೆಳಗಿರಲಿ, ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಹುಟ್ಟಿದ ಮರಿ ಸುಮಾರು 100 ಗ್ರಾಂ ಇರುತ್ತದೆ, ತಿಂಗಳಿಗೆ 400 ಗ್ರಾಂ ದಾಟುತ್ತದೆ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಕಣ್ಣು ಸುಧಾರಿಸುತ್ತಿದ್ದರೂ ತೂಕ ಇಳಿಯುತ್ತಿದ್ದರೆ ಏನೋ ಸರಿ ಇಲ್ಲ.

ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಮರಿಯನ್ನು ಬೇರೆ ಕೋಣೆಯಲ್ಲಿಡಿ. ತಟ್ಟೆ, ಟವೆಲ್ ಎಲ್ಲ ಬೇರೆ. ಪ್ರತಿ ಸಲ ಕೈ ತೊಳೆಯಿರಿ, ನಿಮ್ಮ ಕಣ್ಣು ಉಜ್ಜಿಕೊಳ್ಳಬೇಡಿ. ಬೆಕ್ಕಿನ ಕ್ಲಮಿಡಿಯಾ ಅಪರೂಪಕ್ಕೆ ಮನುಷ್ಯರಿಗೂ ಅಂಟುತ್ತದೆ.

ಕಣ್ಣು ಉಳಿಯದಿದ್ದರೆ

ಕೆಲವು ಸಲ ತಡವಾಗಿಯೇ ಸಿಕ್ಕಿರುತ್ತದೆ. ಒಡೆದ ಕಣ್ಣು ಅಲ್ಲೇ ಇದ್ದರೆ ನೋವು, ಸೋಂಕು ಎರಡೂ ತಪ್ಪುವುದಿಲ್ಲ. ಮರಿ ಸ್ವಲ್ಪ ತೂಕ ಬಂದು ಅರಿವಳಿಕೆ ತಡೆದುಕೊಳ್ಳುವಂತಾದ ಮೇಲೆ ಡಾಕ್ಟರ್ ಅದನ್ನು ತೆಗೆದು ರೆಪ್ಪೆ ಹೊಲಿಯುತ್ತಾರೆ. ಕೇಳೋಕೆ ಭಯಂಕರ. ಆದರೆ ನೋವು ಹೋದ ಮರಿ ಬೇಗನೇ ದಾರದ ಉಂಡೆ ಹಿಂದೆ ಓಡುತ್ತಿರುತ್ತದೆ. ಎರಡೂ ಕಣ್ಣಿಲ್ಲದ ಬೆಕ್ಕು ಕೂಡ ಮನೆಯೊಳಗೆ ಆರಾಮಾಗಿ ಬದುಕುತ್ತದೆ. ಊಟದ ತಟ್ಟೆ, ಕಕ್ಕಸಿಗೆ ಮಣ್ಣು ಹಾಕಿದ ಟ್ರೇ ಇಟ್ಟ ಜಾಗ ಬದಲಿಸಬಾರದು, ಅಷ್ಟೇ. ಅಂಥದ್ದನ್ನು ಮತ್ತೆ ಬೀದಿಗೆ ಬಿಡುವ ಹಾಗಿಲ್ಲ. ಹುಣ್ಣು ವಾಸಿಯಾದ ಮೇಲೂ ಗುಡ್ಡೆ ಮೇಲೆ ಬಿಳಿ ಕಲೆ ಉಳಿಯಬಹುದು. ಮರಿ ದೊಡ್ಡದಾಗುತ್ತಾ ಕಲೆ ಎಷ್ಟೋ ತೆಳುವಾಗುತ್ತದೆ.

ಪೂರ್ತಿ ಹುಷಾರಾದ ಮೇಲೆ ಲಸಿಕೆ ಹಾಕಿಸಿ. 6ರಿಂದ 8 ವಾರಕ್ಕೆ ಶುರು ಮಾಡಬಹುದು. ಸಂತಾನಹರಣದ ಆಪರೇಷನ್ ಯಾವಾಗ ಅಂತ ಆಗಲೇ ಕೇಳಿಕೊಳ್ಳಿ, ತಾಯಿಗೂ ಮಾಡಿಸಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಮೂಲೆಯಲ್ಲಿ ಅದೇ ಕಾಯಿಲೆಯ ಇನ್ನೊಂದು ಸಾಲು ಮರಿಗಳು.

ಮನೆ ಹುಡುಕುವಾಗ ಫೋಟೋದಲ್ಲಿ ಕೆಟ್ಟ ಕಣ್ಣನ್ನು ಮರೆಮಾಡಬೇಡಿ, ಎದುರಿನಿಂದಲೇ ತೆಗೆಯಿರಿ. ನೋಡಿ ಒಪ್ಪಿದವರು ವಾಪಸ್ ತರುವುದು ಕಡಿಮೆ. ಹರ್ಪಿಸ್ ಬಂದ ಬೆಕ್ಕಿನ ಮೈಯಲ್ಲಿ ವೈರಸ್ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಮನೆ ಬದಲಾದಾಗ, ಹೊಸ ಪ್ರಾಣಿ ಬಂದಾಗ, ಮೈಗೆ ಆಯಾಸವಾದಾಗ ಮತ್ತೆ ಕಣ್ಣಲ್ಲಿ ನೀರು ಸೋರಬಹುದು. ಇದನ್ನು ತಗೊಳ್ಳುವವರಿಗೆ ಬಾಯಿಬಿಟ್ಟು ಹೇಳಿ, ಡಾಕ್ಟರ್ ಚೀಟಿ ಮತ್ತು ಲಸಿಕೆ ಕಾರ್ಡನ್ನು ಮರಿಯ ಜೊತೆಗೇ ಕೊಟ್ಟು ಕಳಿಸಿ.